ಡಿಕ್ಕಿಗೊಂದು ಪೆಟ್ಟಿಗೆ, ಅವ್ವನಿಗೊಂದು ಸೀಟು

ಥಾರ್, ಗುರ್ಖಾ, ಜಿಮ್ನಿ ಇಟ್ಟುಕೊಂಡಿರುವ ನಮ್ಮ ಓದುಗರು ಈ ಅಂಕಣಕ್ಕೆ ಪ್ರಶ್ನೆ ಕಳಿಸುವಾಗ ಟಯರ್ ಬಗ್ಗೆ ಕೇಳುತ್ತಾರೆ, ಲೈಟ್ ಬಗ್ಗೆ ಕೇಳುತ್ತಾರೆ, ವಿಂಚ್ ಹಾಕಿಸಬೇಕೇ ಬೇಡವೇ ಎಂದು ಕೇಳುತ್ತಾರೆ. ಡಿಕ್ಕಿಯ ಬಗ್ಗೆ ಕೇಳುವವರು ವಿರಳ. ಆದರೆ ಟೆಂಟು ಕಟ್ಟಿಕೊಂಡು ಎರಡು ರಾತ್ರಿ ಹೊರಗೆ ಕಳೆದು ಬಂದವರನ್ನು ಮಾತಾಡಿಸಿ ನೋಡಿ, ಅವರ ಸಂಕಟವೆಲ್ಲ ಅಲ್ಲಿಯೇ ಇರುತ್ತದೆ. ಟಾರ್ಚ್ ಬೇಕೆಂದರೆ ಹಾಸಿಗೆ ತೆಗೆಯಬೇಕು, ಹಾಸಿಗೆ ತೆಗೆಯಬೇಕೆಂದರೆ ಒಲೆ ಇಳಿಸಬೇಕು, ಒಲೆ ಇಳಿಸಲು ನೀರಿನ ಕ್ಯಾನು ಸರಿಸಬೇಕು. ಅಷ್ಟೊತ್ತಿಗೆ ತಾಮ್ಹಿಣಿ ಘಾಟಿನ ಮಳೆ ಬಂದೇ ಬಿಟ್ಟಿರುತ್ತದೆ.

ನನ್ನದು ಐದು ಬಾಗಿಲಿನ ಜಿಮ್ನಿ, 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದದ್ದು. ಹಿಂದಿನ ಸೀಟು ನಿಂತಿದ್ದಾಗ ಡಿಕ್ಕಿಯಲ್ಲಿ 208 ಲೀಟರ್ ಜಾಗ, ಮಡಚಿದರೆ 332 ಲೀಟರ್ ಎಂದು ಕಂಪನಿಯ ಲೆಕ್ಕ. ಮೂರು ಬಾಗಿಲಿನ ಥಾರ್ ಇರುವವರು ಇದನ್ನು ಓದಿ ನಿಟ್ಟುಸಿರು ಬಿಡುತ್ತಾರೆ, ಅವರಿಗೆ ಹಿಂದೆ ನಾಲ್ಕು ಚೀಲ ಇಡುವುದೇ ಕಷ್ಟ. ಈ ಥರದ ಗಾಡಿಗಳ ಹಣೆಬರಹವೇ ಅಷ್ಟು. ಗುಡ್ಡ ಹತ್ತುವಾಗ ಮುಂದಿನ ಮೂತಿ, ಹಿಂದಿನ ಬಾಲ ನೆಲಕ್ಕೆ ತಾಗಬಾರದೆಂದು ಎರಡೂ ಕಡೆ ಕತ್ತರಿಸಿರುತ್ತಾರೆ. ಕತ್ತರಿಸಿದ್ದು ನಮ್ಮ ಡಿಕ್ಕಿಯನ್ನೇ.

ಸಾಮಾನ್ಯವಾಗಿ ಜನ ಕಂಡುಕೊಳ್ಳುವ ಉಪಾಯ ಒಂದೇ: ಹಿಂದಿನ ಸೀಟು ಬಿಚ್ಚಿಸಿ ಮನೆಯ ಅಟ್ಟಕ್ಕೆ ಹಾಕುವುದು, ಆ ಜಾಗದಲ್ಲಿ ಡ್ರಾಯರ್ ಕೂರಿಸುವುದು. ಗಂಡಹೆಂಡಿರಿಬ್ಬರೇ ತಿರುಗುವವರಿಗೆ ಇದು ಚೆಂದ ಕಾಣುತ್ತದೆ. ನಮ್ಮ ಮನೆಯಲ್ಲಿ ಇದು ಸಾಧ್ಯವಿರಲಿಲ್ಲ. ಅವ್ವನಿಗೆ ಈಗ ಎಪ್ಪತ್ನಾಲ್ಕು. ಧಾರವಾಡದ ಕಡೆಯ ಹಳ್ಳಿಯಲ್ಲಿ ಬೆಳೆದವಳು. ಚಿಕ್ಕವಳಿದ್ದಾಗ ಭಾರತ ಹುಣ್ಣಿಮೆಗೆ ಮನೆಮಂದಿಯೆಲ್ಲ ಕೊಲ್ಲಾರಿ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದರಂತೆ. ದಾರಿಯಲ್ಲಿ ಹಳ್ಳದ ದಂಡೆಗೆ ಒಂದು ರಾತ್ರಿ, ಗುಡ್ಡದ ಬುಡದಲ್ಲಿ ಎರಡು ರಾತ್ರಿ. ಅಲ್ಲೇ ಮೂರು ಕಲ್ಲು ಹೂಡಿ ಅಡುಗೆ, ಅಲ್ಲೇ ಪಡ್ಡಲಗಿ ತುಂಬಿಸುವುದು, ಚಕ್ಕಡಿಯ ಕೆಳಗೆ ನಿದ್ದೆ. ನಾವು ಇಂಗ್ಲಿಷಿನಲ್ಲಿ ಕ್ಯಾಂಪಿಂಗ್ ಅನ್ನುವುದನ್ನು ಆಕೆ ಹೆಸರೇ ಇಲ್ಲದೆ ಮಾಡಿ ಮುಗಿಸಿದ್ದಾಳೆ. ಇನ್ನೊಮ್ಮೆ ಹಾಗೆಯೇ ಹೋಗಬೇಕು, ಲಾಡ್ಜಿನಲ್ಲಿ ಅಲ್ಲ, ಹೊರಗೇ ಇರಬೇಕು ಎಂಬುದು ಆಕೆಯ ಆಸೆ. ಸೀಟು ತೆಗೆಸುವ ವಿಚಾರ ಕಿವಿಗೆ ಬಿದ್ದಾಗ ಕೇಳಿದ್ದು ಒಂದೇ ಪ್ರಶ್ನೆ: "ತಮ್ಮಾ, ನನ್ನ ಜಾಗಾದಾಗ ಡಬ್ಬಿ ಕುಂದರಸ್ತೀ ಏನು?"

ಅವ್ವನ ಮಾತು ಬಿಡಿ, ಕಾನೂನಿನ ಮಾತೂ ಅದೇ. ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಆಸನಗಳ ಸಂಖ್ಯೆ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದು ಇಷ್ಟು: ಆರ್‌ಸಿಯಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿಯೇ ಹೇಳಿತು. ಅದಕ್ಕೂ ಮೊದಲು, 2017ರ ಡಿಸೆಂಬರಿನಲ್ಲಿ, ಕೇಂದ್ರ ಸಾರಿಗೆ ಇಲಾಖೆ ಮುಂದಿನ ಕಬ್ಬಿಣದ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದದ್ದು ಇದೇ ಕಲಮಿನ ಆಧಾರದ ಮೇಲೆ. ನಾಲ್ಕು ಸೀಟಿನ ಗಾಡಿಯನ್ನು ಎರಡು ಸೀಟಿನದಾಗಿ ಮಾಡಿಕೊಂಡು ಓಡಾಡಿ, ನಾಳೆ ಅಪಘಾತವಾದಾಗ ವಿಮೆಯವರ ಮುಂದೆ ನಿಲ್ಲುವ ಧೈರ್ಯ ನಿಮಗಿದ್ದರೆ ನಾನು ಬೇಡವೆನ್ನುವುದಿಲ್ಲ. ನನಗೆ ಇಲ್ಲ. ಬೋಲ್ಟ್ ಬಿಚ್ಚಿದರೆ ಹದಿನೈದು ನಿಮಿಷದಲ್ಲಿ ಹೊರಗೆ ಬರುವ, ಗಾಡಿಯ ಮೈಗೆ ಒಂದು ತೂತೂ ಕೊರೆಯದ ಪೆಟ್ಟಿಗೆ ಬೇರೆ ಮಾತು. ಅದು ಸಾಮಾನು, ಮಾರ್ಪಾಡಲ್ಲ.

ಆದರೆ ಸಾಮಾನು ಅಂದಮೇಲೆ ಅದನ್ನು ಕಟ್ಟಿ ಇಡಬೇಕು. ಇದೊಂದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರಪಡಬೇಡಿ.

ಕರ್ನಾಟಕದಿಂದ ಪುಣೆಗೆ ಮರಳುವ ನಮ್ಮ ಜನಕ್ಕೆಲ್ಲ ಕಾತ್ರಜದ ಹೊಸ ಸುರಂಗ ದಾಟಿದ ಮೇಲಿನ ಇಳಿಜಾರು ಗೊತ್ತು. ಎಂಟು ತಾಸು ಓಡಿಸಿ ಬಂದಿರುತ್ತೇವೆ, ಮನೆ ಬಂತು ಅನ್ನುವ ಸಮಾಧಾನದಲ್ಲಿ ಕಾಲು ಹಗುರಾಗಿರುತ್ತದೆ, ಹಿಂದಿನಿಂದ ಲೋಡ್ ತುಂಬಿದ ಲಾರಿಗಳು ಇಳಿಯುತ್ತಿರುತ್ತವೆ. ಕೊನೆಗೆ ನವಲೆ ಬ್ರಿಜ್. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದು ಭಾರಿ ವಾಹನ ನುಗ್ಗಿ ಸುಮಾರು 48 ಗಾಡಿಗಳು ಜಖಂ ಆದದ್ದು ಪುಣೆಯವರು ಯಾರೂ ಮರೆತಿಲ್ಲ. ಅಂಥ ಜಾಗದಲ್ಲಿ ಗಾಡಿ ಗಕ್ಕನೆ ನಿಂತಾಗ ಡಿಕ್ಕಿಯಲ್ಲಿದ್ದ ಸಾಮಾನು ನಿಲ್ಲುವುದಿಲ್ಲ. ಶಾಲೆಯಲ್ಲಿ ಕಲಿತ ಲೆಕ್ಕವೇ ಸಾಕು: ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಅರವತ್ತು ಸೆಂಟಿಮೀಟರಿನೊಳಗೆ ನಜ್ಜುಗುಜ್ಜಾಗಿ ನಿಂತಿತು ಅಂದರೆ, ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು ಹದಿನಾರು ಪಟ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. ಹತ್ತು ಕಿಲೋದ ಐಸ್ ಪೆಟ್ಟಿಗೆ ನೂರಾ ಅರವತ್ತು ಕಿಲೋದ ಗುದ್ದು. ಅದರ ಮುಂದೆ ಕೂತಿರುವವರು ಯಾರು? ನಮ್ಮಲ್ಲಿ ಸಾಮಾನ್ಯವಾಗಿ ಮನೆಯ ಹಿರಿಯರು, ಇಲ್ಲವೇ ಮಕ್ಕಳು.

2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡಾಗ ಹಿಂದಿನ ಸೀಟಿನ ಬೆಲ್ಟಿನ ಬಗ್ಗೆ ದೇಶವೆಲ್ಲ ಒಂದು ತಿಂಗಳು ಮಾತಾಡಿತು, ಆಮೇಲೆ ಮರೆತಿತು. ಬೆಲ್ಟ್ ಹಾಕಿದ ಅವ್ವನ ಹಿಂದೆ ಬೆಲ್ಟ್ ಇಲ್ಲದ ಒಲೆ ಇಟ್ಟರೆ ಅರ್ಧ ಕೆಲಸವೇ ಆದಂತೆ. ಆದ್ದರಿಂದ ನನ್ನ ಪೆಟ್ಟಿಗೆಯ ಮೊದಲ ಉದ್ದೇಶ ಸಾಮಾನು ಜೋಡಿಸುವುದಾಗಿರಲಿಲ್ಲ, ಸಾಮಾನು ಹಿಡಿದಿಡುವುದಾಗಿತ್ತು. ಜೋಡಣೆ ಅದರ ಜೊತೆಗೆ ತಾನಾಗಿ ಬರುತ್ತದೆ.

ಇನ್ನು ತೂಕ. ನನ್ನ ಗಾಡಿಯ ಖಾಲಿ ತೂಕ ಸುಮಾರು 1200 ಕಿಲೋ, ಎಲ್ಲ ಸೇರಿ ಇರಬಹುದಾದ ತೂಕ 1545. ಉಳಿಯುವುದು ಮುನ್ನೂರ ನಲವತ್ತು ಚಿಲ್ಲರೆ. ನಾನು, ನನ್ನ ಹೆಂಡತಿ, ಅವ್ವ ಮೂವರದು ಸೇರಿ ಇನ್ನೂರಕ್ಕೆ ಹತ್ತಿರ. ಅಂದರೆ ಪೆಟ್ಟಿಗೆ, ಟೆಂಟು, ನೀರು, ಅಡುಗೆ ಸಾಮಾನು, ಹಗ್ಗ, ಜಾಕು, ಅವ್ವ ಊರಿಗೆ ಒಯ್ಯುವ ಮತ್ತು ಊರಿಂದ ತರುವ ಗಂಟು, ಎಲ್ಲಕ್ಕೂ ಸೇರಿ ಒಂದು ನೂರಾ ನಲವತ್ತು ಕಿಲೋ. ನಿಮ್ಮ ಗಾಡಿಯ ಅಂಕಿಗಳನ್ನು ಪುಸ್ತಕದಲ್ಲಿ, ಆರ್‌ಸಿಯಲ್ಲಿ ನೋಡಿಕೊಂಡು ಈ ಕಳೆಯುವ ಲೆಕ್ಕ ಮಾಡಿ. ಹಿಂದೆ ಕಬ್ಬಿಣದ ಕಪಾಟು ಕೂರಿಸಿಕೊಂಡು, ಮೇಲೆ ಕ್ಯಾರಿಯರ್, ಅದರ ಮೇಲೆ ಟೆಂಟು ಹೇರಿಕೊಂಡ ಗಾಡಿಗಳನ್ನು ಪವನಾ ಕೆರೆಯ ದಂಡೆಯಲ್ಲಿ ನೋಡುತ್ತೇನಲ್ಲ, ಬಹುಪಾಲು ಖಾಲಿ ನಿಂತಾಗಲೇ ಮಿತಿಯ ಹತ್ತಿರ ಇರುತ್ತವೆ ಎಂದು ನನ್ನ ಗುಮಾನಿ.

ತೂಕ ಎಷ್ಟು ಅನ್ನುವಷ್ಟೇ ಮುಖ್ಯ ಅದು ಎಲ್ಲಿದೆ ಅನ್ನುವುದು. ಇದನ್ನು ವಿವರಿಸಲು ನನಗೆ ಚಕ್ಕಡಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಚಕ್ಕಡಿಯಲ್ಲಿ ಚೀಲ ಹೇರುವಾಗ ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ನೊಗ ಎತ್ತಿನ ಹೆಗಲು ಬಿಡುತ್ತದೆ, ಕೊರಳ ಪಟ್ಟಿ ಬಿಗಿಯುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ಬಾಯುತ್ತದೆ. ಒಂದೆರಡು ಚೀಲ ಆಚೀಚೆ ಮಾಡಿ, ನೊಗವನ್ನು ಕೈಯಿಂದ ಎತ್ತಿ ನೋಡಿ, ಅಚ್ಚಿನ ಮೇಲೆ ಭಾರ ಕೂತಿದೆ ಅಂತ ಖಾತ್ರಿಯಾದ ಮೇಲೆಯೇ ಎತ್ತು ಹೂಡುತ್ತಿದ್ದರು. ಜೀಪಿನಲ್ಲೂ ಅದೇ. ಹಿಂದಿನ ಅಚ್ಚಿನಿಂದ ಅರ್ಧ ಮೀಟರ್ ಹಿಂದಕ್ಕೆ 60 ಕಿಲೋ ಇಟ್ಟರೆ, ನನ್ನ ಗಾಡಿಯ 2590 ಮಿಲಿಮೀಟರ್ ವೀಲ್‌ಬೇಸಿನ ಲೆಕ್ಕದಲ್ಲಿ, ಮುಂದಿನ ಚಕ್ರಗಳ ಮೇಲಿನ ಭಾರ ಹನ್ನೊಂದು ಹನ್ನೆರಡು ಕಿಲೋ ಕಡಿಮೆಯಾಗುತ್ತದೆ, ಹಿಂದಿನ ಚಕ್ರಗಳ ಮೇಲೆ ಎಪ್ಪತ್ತಕ್ಕೂ ಹೆಚ್ಚು ಬೀಳುತ್ತದೆ. ಸ್ಟೇರಿಂಗು ಇರುವುದು ಮುಂದಿನ ಚಕ್ರಗಳಿಗೆ. ಒದ್ದೆ ಜೇಡಿಮಣ್ಣಿನ ಏರಿನಲ್ಲಿ ಆ ಹನ್ನೆರಡು ಕಿಲೋದ ಬೆಲೆ ತಿಳಿಯುತ್ತದೆ.

ಅದಕ್ಕೇ ಇಪ್ಪತ್ತು ಲೀಟರ್ ನೀರಿನ ಕ್ಯಾನು ಡಿಕ್ಕಿಯಲ್ಲಿ ಇಡಬಾರದು. ನೀರಿನಷ್ಟು ಭಾರದ ವಸ್ತು ಕ್ಯಾಂಪಿನ ಸಾಮಾನಿನಲ್ಲಿ ಇನ್ನೊಂದಿಲ್ಲ. ಅದರ ಜಾಗ ಮುಂದಿನ ಸೀಟಿನ ಬೆನ್ನ ಹಿಂದೆ, ನೆಲದ ಮೇಲೆ, ಪಟ್ಟಿ ಬಿಗಿದು. ಹಗುರಾದ ಹಾಸಿಗೆ, ಚಾಪೆ, ಟೆಂಟು ಹಿಂದೆ ಹೋಗಲಿ.

ಮಾಡಿಸಿದ್ದು ಹೇಗೆ ಅಂತ ಈಗ. ಸೀಟು ತೆಗೆಯಲಿಲ್ಲ, ಅದರ ಅರ್ಧ ಮಾತ್ರ ಮಡಚಿದೆ. ಹಿಂದಿನ ಸೀಟು ಎರಡು ಸಮಭಾಗವಾಗಿ ಮಡಚುವಂಥದ್ದು. ಅವ್ವನದು ಎಡಗಡೆ, ಇಳಿಯುವಾಗ ರಸ್ತೆಯ ಅಂಚಿನ ಕಡೆಗೆ ಬರುತ್ತದೆ. ಬಲಗಡೆಯ ಅರ್ಧ ಮಡಚಿದಾಗ ಸೀಟಿನ ಬೆನ್ನು ಡಿಕ್ಕಿಯ ನೆಲಕ್ಕಿಂತ ಎತ್ತರದಲ್ಲಿ ನಿಲ್ಲುತ್ತದೆ, ಸಮತಟ್ಟಾಗುವುದಿಲ್ಲ. ಆ ಎತ್ತರದ ವ್ಯತ್ಯಾಸವೇ ಪೆಟ್ಟಿಗೆಯ ಎತ್ತರ. ಡಿಕ್ಕಿಯ ಅಗಲಕ್ಕೆ ಒಂದು ತಗ್ಗಾದ ಪೆಟ್ಟಿಗೆ, ಅದರ ಮೇಲಿನ ಹಲಗೆ ಮಡಚಿದ ಸೀಟಿನ ಬೆನ್ನಿಗೆ ಸರಿಸಮ. ಬಲಗಡೆ ಉದ್ದಕ್ಕೆ ಟೆಂಟು, ಮಡಚುವ ಕುರ್ಚಿ, ಚಾಪೆ. ಪೆಟ್ಟಿಗೆಯೊಳಗೆ ಎಡಕ್ಕೆ ಹಿಂದಿನಿಂದ ಎಳೆಯುವ ಡ್ರಾಯರ್, ಅದು ಅಡುಗೆಮನೆ. ಬಲಕ್ಕೆ ಮೇಲಿನಿಂದ ಮುಚ್ಚಳ ತೆರೆಯುವ ಖಾನೆ, ಅದರಲ್ಲಿ ಹಗ್ಗ, ಗಾಳಿ ತುಂಬುವ ಪಂಪು, ಪಾನಾ, ಪ್ರಥಮ ಚಿಕಿತ್ಸೆಯ ಡಬ್ಬಿ.

ಅಳತೆಗೆ ಟೇಪು ನಂಬಬೇಡಿ, ರಟ್ಟು ನಂಬಿ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಪೂರಾ ಮಾದರಿ ಮಾಡಿ, ಅದನ್ನು ಗಾಡಿಯೊಳಗೆ ಇಳಿಸಿ ನೋಡಬೇಕು. ಒಳಗಿನ ಅಗಲಕ್ಕಿಂತ ಬಾಗಿಲಿನ ಅಗಲ ಕಡಿಮೆ ಇರುತ್ತದೆ. ಒಳಗೆ ಸರಿಯಾಗಿ ಕೂರುವ ಪೆಟ್ಟಿಗೆ ಬಾಗಿಲಲ್ಲಿ ತೂರದಿದ್ದರೆ ಏನು ಪ್ರಯೋಜನ? ಚಕ್ರದ ಮೇಲಿನ ಉಬ್ಬು ಬೇರೆ. ನಮ್ಮ ಹಿಂಬಾಗಿಲು ಸ್ಟೆಪ್ನಿ ಹೊತ್ತು ಪಕ್ಕಕ್ಕೆ ತೆರೆಯುವಂಥದ್ದು, ಅದು ಅರ್ಧ ತೆರೆದಾಗಲೂ ಡ್ರಾಯರ್ ಹೊರಗೆ ಬರುತ್ತದೆಯೇ ಎಂಬುದನ್ನೂ ರಟ್ಟಿನಲ್ಲೇ ನೋಡಿಕೊಳ್ಳಬೇಕು.

ಪುಣೆಯಲ್ಲಿ ಇದ್ದವರ ಪುಣ್ಯ ಏನೆಂದರೆ ಇಂಥ ಕೆಲಸಕ್ಕೆ ಬೇಕಾದ್ದೆಲ್ಲ ಊರೊಳಗೇ ಸಿಗುತ್ತದೆ. ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಪ್ಲೈವುಡ್, ನಾನಾ ಪೇಟೆಯಲ್ಲಿ ಗಾಡಿಯ ಬಿಡಿಭಾಗ, ಭೋಸರಿಯಲ್ಲಿ ಅಲ್ಯುಮಿನಿಯಂ ಕತ್ತರಿಸಿ ಕೊಡುವವರು. ಬುಧವಾರ, ಭಾನುವಾರ ನೆರೆಯುವ ಜುನಾ ಬಜಾರಿನಲ್ಲಿ ಹಳೆಯ ಕೊಕ್ಕೆ, ಬಳೆ, ಚಿಲಕ. ಚೌಕಾಸಿ ಮಾಡಲು ಮರಾಠಿ ಬಂದರೆ ಒಳ್ಳೆಯದು, ಬೆಳಗಾವಿ ಮರಾಠಿಯಾದರೂ ನಡೆಯುತ್ತದೆ.

ಭೋಸರಿಯಲ್ಲಿ ನನಗೆ ಸಿಕ್ಕ ಫ್ಯಾಬ್ರಿಕೇಟರ್ ಇಂಡಿ ತಾಲ್ಲೂಕಿನವನು. ನನ್ನ ಹಿಂದಿ ಎರಡು ವಾಕ್ಯ ಕೇಳಿ, "ಸರ, ಕನ್ನಡದಾಗ ಹೇಳ್ರಿ" ಅಂದ. ಕಬ್ಬಿಣದ ಚೌಕಟ್ಟು ಹಾಕಿದರೆ ಹೇಗೆ ಎಂದು ಕೇಳಿದೆ. "ಹಾಕ್ತೀನ್ರಿ, ನನಗೇನು. ಆದ್ರ ಆಮ್ಯಾಲ ಗಾಡಿ ಪೆಟ್ಟಿಗಿ ಹೊರೂದಿಲ್ರಿ, ಪೆಟ್ಟಿಗೀನ ಗಾಡಿ ಎಳಿತೈತಿ." ಅವನ ಸಲಹೆಯಂತೆ ಹನ್ನೆರಡು ಮಿಲಿಮೀಟರ್ ಪ್ಲೈವುಡ್, ಮೂಲೆಗಳಿಗೆ ಮಾತ್ರ ಅಲ್ಯುಮಿನಿಯಂ ಪಟ್ಟಿ. ಎಂಟಡಿ ನಾಲ್ಕಡಿಯ ಹನ್ನೆರಡು ಮಿಲಿಮೀಟರ್ ಹಾಳೆ ಸುಮಾರು 23 ಕಿಲೋ ತೂಗುತ್ತದೆ, ಹದಿನೆಂಟರದು 35ರ ಆಸುಪಾಸು. ಒಂದು ಹಾಳೆಯಲ್ಲೇ ಕೆಲಸ ಮುಗಿಯಿತು. ಪ್ಲೈ ಕೊಳ್ಳುವಾಗ ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ ತನ್ನಿ, ಅದು ನೀರು ತಡೆಯುವ ಮರೈನ್ ದರ್ಜೆ. ಐಎಸ್ 303 ಅಗ್ಗವಾಗಿ ಬರುತ್ತದೆ, ಮನೆಯ ಕಪಾಟಿಗೆ ಸಾಕು, ಒದ್ದೆ ಟೆಂಟು ಮಡಚಿ ಇಡುವ ಡಿಕ್ಕಿಗೆ ಸಾಲದು.

ಡ್ರಾಯರಿಗೆ ಅಡುಗೆಮನೆಯಲ್ಲಿ ಹಾಕುವ ಬಾಲ್ ಬೇರಿಂಗ್ ಚಾನಲ್ ಬೇಡ ಎಂದದ್ದೂ ಅವನೇ. ಮಾವಳದ ಕೆಂಪು ಧೂಳು ಒಂದು ಬೇಸಿಗೆಯಲ್ಲಿ ಅದನ್ನು ಕಚ್ಚಿ ನಿಲ್ಲಿಸುತ್ತದಂತೆ. ಬದಲಿಗೆ ತರಕಾರಿ ಹೆಚ್ಚುವ ಹಲಗೆಯಂಥ ದಪ್ಪ ಪ್ಲಾಸ್ಟಿಕ್ ಪಟ್ಟಿ ಕೆಳಗೆ, ಅದರ ಮೇಲೆ ಮರದ ಡ್ರಾಯರ್ ಜಾರುತ್ತದೆ. ತಿಂಗಳಿಗೊಮ್ಮೆ ಮೇಣದಬತ್ತಿ ತಿಕ್ಕಿದರೆ ಮುಗಿಯಿತು. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ ಹಾಗೆ. ಡ್ರಾಯರಿಗೆ ಎರಡು ಚಿಲಕ ಕಡ್ಡಾಯ. ಏರಿನಲ್ಲಿ ಒಂದು ಬಿಚ್ಚಿಕೊಂಡರೆ ಅಡುಗೆಮನೆಯೆಲ್ಲ ಹಿಂಬಾಗಿಲಿಗೆ ಬಂದು ಕೂರುತ್ತದೆ, ಬಾಗಿಲು ತೆರೆದವರ ಮೊಣಕಾಲಿನ ಮೇಲೆ ಬೀಳುತ್ತದೆ.

ಹಿಡಿದಿಡುವ ಕೆಲಸಕ್ಕೆ ಕಂಪನಿಯವರೇ ಕೊಟ್ಟಿರುವ ಬೋಲ್ಟಿನ ಜಾಗ, ಕೊಕ್ಕೆಗಳನ್ನೇ ಬಳಸಬೇಕು. ನೆಲ ಕೊರೆಯಬಾರದು. ಕೆಳಗೆ ಪೆಟ್ರೋಲ್ ಟ್ಯಾಂಕು, ಬ್ರೇಕಿನ ಕೊಳವೆ ಹಾದುಹೋಗಿರುತ್ತವೆ, ಮೇಲಾಗಿ ಕೊರೆದ ತೂತಿನಿಂದ ತುಕ್ಕು ಶುರುವಾಗುತ್ತದೆ. ಸೀಟ್ ಬೆಲ್ಟಿನ ಬೋಲ್ಟಿಗೆ ಯಾವ ಕಾರಣಕ್ಕೂ ಕೈ ಹಚ್ಚಬಾರದು. ಬೋಲ್ಟಿನ ತಲೆಯ ಮೇಲೆ 8.8 ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ಆ ದರ್ಜೆಯ ಎಂಟು ಮಿಲಿಮೀಟರ್ ಬೋಲ್ಟ್ ಒಂದೊಂದೂ ಎರಡು ಟನ್ನಿನ ಎಳೆತ ತಡೆಯುತ್ತದೆ. ತಲೆ ಖಾಲಿ ಇರುವ ಬೋಲ್ಟನ್ನು ಬಾಗಿಲಿನ ಕೊಂಡಿಗೆ ಹಾಕಿಕೊಳ್ಳಿ. ಬೋಲ್ಟ್ ಹಾದುಹೋಗುವಲ್ಲಿ ಪ್ಲೈವುಡ್ಡಿನ ಮೇಲೆ ಅಂಗೈ ಅಗಲದ ಲೋಹದ ತಗಡು ಇರಬೇಕು, ಇಲ್ಲದಿದ್ದರೆ ಬೋಲ್ಟ್ ಗಟ್ಟಿ ಇದ್ದರೂ ಹಲಗೆ ಹರಿದುಕೊಂಡು ಬರುತ್ತದೆ. ನಾಲ್ಕು ಕಡೆ ಬೋಲ್ಟ್, ಮೇಲೆ ಅಡ್ಡಲಾಗಿ ಎರಡು ರ‍್ಯಾಚೆಟ್ ಪಟ್ಟಿ, ಅವ್ವನ ಸೀಟಿನ ಹಿಂದೆ ಉಕ್ಕಿನ ಜಾಲರಿ. ಪೆಟ್ಟಿಗೆಯ ಒಳಗೆಲ್ಲ ಫೆಲ್ಟ್ ಬಟ್ಟೆ ಅಂಟಿಸಿದೆವು. ಅದು ಚೆಂದಕ್ಕಲ್ಲ. ಸ್ಟೀಲಿನ ತಾಟು, ಲೋಟ ನಾಲ್ಕು ನೂರು ಕಿಲೋಮೀಟರ್ ಖಣಖಣ ಅಂದರೆ ಮನುಷ್ಯನ ತಾಳ್ಮೆ ಉಳಿಯುವುದಿಲ್ಲ.

ಎಲ್ಲ ಸೇರಿ ಪೆಟ್ಟಿಗೆ 27 ಕಿಲೋ ಬಂತು, ಖರ್ಚು ಮಜೂರಿ ಸೇರಿ 11,600 ರೂಪಾಯಿ. ಹೊರದೇಶದ ಸಿದ್ಧ ಡ್ರಾಯರ್‌ಗಳೂ ಇವೆ. ಆಸ್ಟ್ರೇಲಿಯಾದ ಎಆರ್‌ಬಿ ಎಂಬ ಕಂಪನಿ 1975ರಲ್ಲಿ ಹುಟ್ಟಿದ್ದು, ಈ ವಿದ್ಯೆಯಲ್ಲಿ ಪಳಗಿದವರು. ಆದರೆ ಅವರ ಮಾಲು ಅವರ ನಾಡಿಗೆ ತಕ್ಕದ್ದು. ಅಲ್ಲಿ ಇನ್ನೂರು ಮುನ್ನೂರು ಕಿಲೋಮೀಟರ್ ಹೋದರೂ ಒಂದು ಅಂಗಡಿ ಸಿಗದ ದಾರಿಗಳಿವೆ, ಆದ್ದರಿಂದ ಇಡೀ ಮನೆಯನ್ನೇ ಹೊತ್ತೊಯ್ಯುತ್ತಾರೆ. ನಮ್ಮಲ್ಲಿ ಭೋರ್ ದಾಟಿ ಘಟ್ಟಕ್ಕೆ ಇಳಿದರೂ ಚಹಾ, ವಡಾ ಪಾವು, ಪಂಕ್ಚರ್ ಅಂಗಡಿ ಇದ್ದೇ ಇವೆ. ಎರಡು ದಿನದ ನೀರು, ಒಂದು ಹೊತ್ತಿನ ಅಡುಗೆ, ಒಂದು ಗಂಟು ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಇದ್ದರೆ ಉಳಿದದ್ದು ದಾರಿಯಲ್ಲಿ. ಕಡಕ್ ರೊಟ್ಟಿಗೆ ಫ್ರಿಜ್ ಬೇಡ, ಬ್ಯಾಟರಿ ಬೇಡ. ಡಿಕ್ಕಿಯಲ್ಲಿ ಫ್ರಿಜ್ ಕೂರಿಸುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಗ್ಯಾಸಿನ ಬಗ್ಗೆ ಮಾತ್ರ ಗಂಭೀರವಾಗಿ ಕೇಳಿ. ಒಲೆಗೆ ಹಾಕುವ ಸಣ್ಣ ಕ್ಯಾನುಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು ಗಾಡಿಯನ್ನು ಏಪ್ರಿಲ್ ಬಿಸಿಲಿಗೆ ನಿಲ್ಲಿಸುವವರಿದ್ದಾರೆ. ಕ್ಯಾನಿನ ಮೇಲೆ 50 ಡಿಗ್ರಿ ಮೀರಬಾರದು ಎಂದು ಬರೆದಿರುತ್ತದೆ, ಮುಚ್ಚಿದ ಗಾಡಿಯ ಒಳಗೆ ಅಷ್ಟು ಬಿಸಿ ಆಗುವುದು ದೊಡ್ಡ ಮಾತಲ್ಲ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗುವುದಿಲ್ಲ, ಡ್ರಾಯರಿನ ತಳದಲ್ಲಿ, ಕಾಲ ಬುಡದಲ್ಲಿ ತುಂಬಿಕೊಂಡು ಕಿಡಿಗೆ ಕಾಯುತ್ತದೆ. ಗಾಳಿ ಪಂಪಿನ ಖಾನೆಯ ಪಕ್ಕ ಗ್ಯಾಸ್ ಇಡಬೇಡಿ. ಪ್ರಯಾಣ ಮುಗಿದ ದಿನವೇ ಕ್ಯಾನು ಕೆಳಗಿಳಿಯಲಿ. ಜೊತೆಗೆ ರೊಟ್ಟಿಯ ಚೂರೂ ಇಳಿಯಲಿ, ಇಲ್ಲದಿದ್ದರೆ ಸೊಸೈಟಿಯ ಪಾರ್ಕಿಂಗಿನ ಇಲಿಗಳು ನಿಮ್ಮ ಪೆಟ್ಟಿಗೆಗೆ ಬಾಡಿಗೆಗೆ ಬರುತ್ತವೆ, ಊಟ ಮುಗಿಸಿ ವೈರು ತಿನ್ನುತ್ತವೆ.

ಪೆಟ್ಟಿಗೆ ಕೂರಿಸಿದ ಭಾನುವಾರ ಅವ್ವ ತನ್ನ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಸಿಕೊಂಡು, ಹಿಂದಿನ ಜಾಲರಿಯನ್ನು ಕೈಯಿಂದ ಜಗ್ಗಿ ನೋಡಿದಳು. ಆಮೇಲೆ ಡ್ರಾಯರ್ ತೆಗೆಸಿ, ಹೋಳಿಗೆಯ ಹಂಚು ಹಿಡಿಸುತ್ತದೆಯೇ ಎಂದು ಅಳತೆ ಮಾಡಿದಳು. ಹಿಡಿಸುತ್ತದೆ, ನಿಲ್ಲಿಸಿ ಇಟ್ಟರೆ ಅಲ್ಲ, ಮಲಗಿಸಿ ಇಟ್ಟರೆ. ಒಲೆ ಬೇಡವೇ ಬೇಡ, ಗುಡ್ಡದಲ್ಲಿ ಕಟ್ಟಿಗೆ ಮಾರಲು ತರುತ್ತಾರೆ ಎಂದು ಅವಳ ಅಂಬೋಣ. ಈ ವಿಷಯದಲ್ಲಿ ಮನೆಯಲ್ಲಿ ಇನ್ನೂ ಮಾತುಕತೆ ನಡೆದಿದೆ.

ಮಾಡಿಸುವವರಿಗೆ ಇನ್ನೊಂದೇ ಮಾತು. ಮೊದಲ ಐನೂರು ಕಿಲೋಮೀಟರ್ ಆದಮೇಲೆ ಎಲ್ಲ ಬೋಲ್ಟನ್ನೂ ಪಾನಾ ಹಿಡಿದು ಮತ್ತೆ ಬಿಗಿಯಬೇಕು. ಹೊಸ ಪ್ಲೈವುಡ್ ಒತ್ತಡಕ್ಕೆ ಸ್ವಲ್ಪ ಕುಗ್ಗುತ್ತದೆ, ಬೋಲ್ಟ್ ಸಡಿಲಾಗುತ್ತದೆ. ನಾವು ಹೋಗುವಾಗ ಬೆಳಗಾವಿಯಲ್ಲಿ ಊಟಕ್ಕೆ ನಿಲ್ಲಿಸಿದಲ್ಲೇ ಒಮ್ಮೆ ಬಿಗಿಯುವುದೆಂದು ತೀರ್ಮಾನಿಸಿದ್ದೇನೆ, ಪಾನಾ ಹದಿಮೂರರದು, ಬಲಗಡೆಯ ಖಾನೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.